ಸೈಕಲ್ಲಿನ ಮೇಲೆ ಬಂದ ಪಟ್ಟಲದಮ್ಮ

ಮಳವಳ್ಳಿ
ಧಾತು ಸಂವತ್ಸರದ ವೈಶಾಖ ಬಹುಳ ಪಂಚಮಿ

ಅಮ್ಮನಿಗೆ ಗೋದಾಳ ನಮಸ್ಕಾರಗಳು.

ನಾನು ಕ್ಷೇಮ. ನನ್ನ ಮೈಮೇಲೆ ಯಾವ ದೇವರೂ ಬಂದಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಚಲುವನಾರಾಯಣ ಮಾವ ಮಂಡ್ಯಕ್ಕೆ ಬಂದು ಏನೇನು ಹೇಳಿರಬಹುದೆಂದು ನಿನ್ನ ಕಾಗದ ನೋಡಿದರೇ ತಿಳಿಯುತ್ತದೆ. "ಆಸ್ಪತ್ರೆ ಕೆಲಸಕ್ಕೆ ರಾಜೀನಾಮೆ ಕೊಟ್ಟು ಹೊರಟು ಬಾ, ಶಾಂತಿ ಮಾಡಿಸೋಣ" ಎಂದು ಬರೆದಿದ್ದೀಯ. ಅಳಿಯಂದಿರಿಗೆ ಬೇರೆ ಒಂದು ಕಾಗದ ಹಾಕಿದ್ದೀಯ. ಅವರು ಅದನ್ನು ಊಟದ ನಡುವೆ ಓದಿ, ನಕ್ಕು, ಅನ್ನ ನೆತ್ತಿಗೇರಿಸಿಕೊಂಡರು. ನಡೆದದ್ದನ್ನು ನಾನೇ ಹೇಳುತ್ತೇನೆ, ಕೇಳು.

ನಮ್ಮವರು ಸ್ಕೂಲಿಗೆ ಹೋಗಲೆಂದು ಸೈಕಲ್ಲು ತಂದು, ಬಿದ್ದು, ಮೊಣಕಾಲು ಕೆತ್ತಿಸಿಕೊಂಡು ಕೈಬಿಟ್ಟರು, ಕಲಿತವಳು ನಾನು. "ಹೆರಿಗೆ ಮಾಡಿಸುವ ಕೆಲಸವಂತೆ, ಅದರ ಮೇಲೆ ಸೈಕಲ್ಲಂತೆ" ಎಂದು ನೀನು ಎಷ್ಟೋ ದಿನ ನನ್ನೊಡನೆ ಮಾತು ಬಿಟ್ಟಿದ್ದೆ. ಕೊನೆಗೆ ಮನೆಯಲ್ಲೇ ಮಾಡಿದ ಕುಂಕುಮ ಒಂದು ಡಬ್ಬಿ ಕಳಿಸಿ, "ಹೋಗುವುದಾದರೆ ಕಾಸಿನಗಲ ಇಟ್ಟುಕೊಂಡು ಹೋಗು. ಗೃಹಸ್ಥರ ಮನೆಯ ಹೆಣ್ಣೆಂದು ದೂರದಿಂದಲೇ ತಿಳಿಯಲಿ" ಎಂದೆ. ನಿನ್ನ ಮಾತು ಮೀರದೆ ಹಾಗೆಯೇ ಇಟ್ಟುಕೊಳ್ಳುತ್ತಿದ್ದೆ.

ಆ ದಿನ ನಡುಮಧ್ಯಾಹ್ನ ಚಿಕ್ಕಬೋರಯ್ಯನೆಂಬ ರೈತ ಪಕ್ಕದ ಹಳ್ಳಿಯಿಂದ ಓಡಿ ಬಂದ. "ಅಮ್ಮಾವ್ರೇ, ಎಡ್ತಿ ರಾತ್ರಿಯಿಂದ ನೋವು ತಿಂತಾವ್ಳೆ. ನಮ್ಮವ್ವ ಆಸ್ಪತ್ರೆಯೋರ್ನ ಒಸ್ಲು ತುಳಿಯಕ್ಕೆ ಬುಡಾಕಿಲ್ಲ. ಏನಾರ ಮಾಡಿ" ಎಂದ. ಚೀಲವನ್ನು ಹಿಂದಿನ ಕ್ಯಾರಿಯರ್ರಿಗೆ ಕಟ್ಟಿ ಹೊರಟೆ. ಅವನು ಹಿಂದೆ ಓಡುತ್ತ ಬಂದ.

ಊರು ದಾಟುವುದರೊಳಗೆ ಬೆವರು ಹುಬ್ಬು ದಾಟಿತು. ಬರೀ ಬೆವರಾದರೆ ಉಪ್ಪು, ತಡೆದುಕೊಳ್ಳಬಹುದು. ಆದರೆ ನಿನ್ನ ಕುಂಕುಮ ಕರಗಿ ಇಳಿಯತೊಡಗಿತು. ಅರಿಸಿನಕ್ಕೆ ಎಷ್ಟು ಸುಣ್ಣ ಬೆರೆಸಿದ್ದೆಯೋ, ಕಣ್ಣಿಗೆ ಖಾರದಪುಡಿ ಎರಚಿದ ಹಾಗಾಯಿತು. ಒರೆಸಿಕೊಳ್ಳೋಣವೆಂದರೆ ಒಂದು ಕೈ ಬಿಟ್ಟು ತುಳಿಯಲು ನನಗಿನ್ನೂ ಬಾರದು. ಇಳಿದರೆ ಮತ್ತೆ ಹತ್ತಲು ಮೈಲಿಗಲ್ಲೇ ಬೇಕು. ಭುಜಕ್ಕೆ ಮುಖ ಉಜ್ಜಿದೆ, ಸೈಕಲ್ಲು ಗದ್ದೆಯ ಕಡೆ ತಿರುಗಿತು. ತಲೆ ಕೊಡವಿದೆ, ಗಂಟು ಬಿಚ್ಚಿ ಕೂದಲು ಬೆನ್ನ ತುಂಬ ಹರಡಿತು. ಒಂದು ಕಣ್ಣು ಮುಚ್ಚಿ ಸ್ವಲ್ಪ ದೂರ, ಇನ್ನೊಂದು ಮುಚ್ಚಿ ಸ್ವಲ್ಪ ದೂರ ಹೋದೆ. ಕೊನೆಗೆ ಎರಡೂ ತಾವಾಗಿಯೇ ಮುಚ್ಚಿಕೊಂಡವು. "ಅದೇಯಾ ಮನೆ, ನಿಲ್ಸೀ!" ಎಂದು ಚಿಕ್ಕಬೋರಯ್ಯ ಕೂಗಿದ. ನಾನು ಬ್ರೇಕು ಹಿಡಿಯುವ ಮೊದಲೇ ಮನೆಯ ಮುಂದಿನ ಬೇವಿನ ಮರ ನನ್ನನ್ನು ಹಿಡಿಯಿತು.

ಏಳಲೆಂದು ಕೈಗೆ ಸಿಕ್ಕ ಕೊಂಬೆ ಹಿಡಿದೆ. ಅದು ಮುರಿದು ಕೈಯಲ್ಲೇ ಉಳಿಯಿತು. ಅಮ್ಮ, ಈಗ ನನ್ನನ್ನು ನೀನೇ ಕಣ್ಣ ಮುಂದೆ ತಂದುಕೋ. ಕೆದರಿದ ಕೂದಲು, ಗಲ್ಲದವರೆಗೆ ಇಳಿದ ಕೆಂಪು, ಕೆಂಡದಂಥ ಕಣ್ಣು, ಏದುಸಿರಿಗೆ ಹೊರಚಾಚಿದ ನಾಲಗೆ, ಕೈಯಲ್ಲಿ ಬೇವಿನ ಸೊಪ್ಪು! ಬಾಗಿಲಿಗೆ ಬಂದ ಅವನ ತಾಯಿ ಅಂಕಮ್ಮ, "ಅಯ್ಯೋ ನಮ್ಮವ್ವಾ, ಪಟ್ಟಲದಮ್ಮಾ! ಓದ ವರ್ಸದ ಅರಕೆ ತೀರಿಸ್ನಿಲ್ಲ, ತಪ್ಪಾಯ್ತು ಕಣವ್ವ" ಎಂದು ಊರದೇವತೆಗೆ ಬೀಳುವಂತೆ ಅಡ್ಡಬಿದ್ದಳು.

"ನೀರು! ಕಣ್ಣುರಿ!" ಎಂದು ಕೂಗಿದೆ.

"ಉರಿಗಣ್ಣಿ, ಸಾಂತವಾಗವ್ವ!" ಎನ್ನುತ್ತ ಒಳಗೆ ಓಡಿದವಳು, ಹಿಡಿ ಕುಂಕುಮ ತಂದು ಹಣೆಗೆ ಬಳಿದಳು.

ಒಳಗಿನಿಂದ ನರಳುವ ದನಿ ಕೇಳಿಸಿತು. ಆ ದನಿ ನನಗೆ ಗೊತ್ತು. ಹೆರುವವಳು ಸೋಲುತ್ತಿರುವ ದನಿ. ನಾನು ಯಾರೆಂದು ವಿವರಿಸುತ್ತ ನಿಲ್ಲುವ ಹೊತ್ತಲ್ಲ. "ಬಿಸಿನೀರು ತಾ. ಒಳಗಿನ ಹೊಗೆಯ ಕೆಂಡ ಆರಿಸು. ಕಿಟಕಿ ತೆಗೆ. ಆಮೇಲೆ ಹೊರಗೆ ನಿಂತು ಕೈ ಮುಗಿ" ಎಂದೆ. ಆಸ್ಪತ್ರೆಯ ಗೋದಮ್ಮ ಹೇಳಿದ್ದರೆ ಸಂಜೆಯವರೆಗೂ ವಾದ ನಡೆಯುತ್ತಿತ್ತು. ದೇವಿಯ ಮಾತಾದ್ದರಿಂದ ಎಲ್ಲವೂ ಆಯಿತು.

ಸೊಸೆ ಬೆಟ್ಟಮ್ಮನದು ಚೊಚ್ಚಲು. ನನ್ನ ಮುಖ ನೋಡಿ ಕಿರುಚುತ್ತಾಳೆಂದು ಹೆದರಿದ್ದೆ. ಅವಳು ಆ ನೋವಿನಲ್ಲೂ ಪಿಸುಗುಟ್ಟಿದಳು: "ನೀವು ಸೈಕಲ್ಲಮ್ಮ ಅಲ್ವಾ? ಸಂತೇಲಿ ನೋಡಿವ್ನಿ. ನಮ್ಮತ್ತೆಗೇಳ್ಬ್ಯಾಡಿ, ಆಚೆಗೇ ಇರ್ಲಿ."

ಸೋಪು ಹಾಕಿ ತೊಳೆದ ಕೈಯಿಂದ ಮತ್ತೆ ಮುಖ ಮುಟ್ಟುವಂತಿಲ್ಲ. ಬೆವರು ಇಳಿಯುತ್ತಲೇ ಇತ್ತು, ನನಗೆ ಎಲ್ಲವೂ ಮಬ್ಬು. ನಾನು ಕಣ್ಣು ಕಿವುಚುವುದನ್ನು ಬೆಟ್ಟಮ್ಮ ಕಂಡಳು. ಒಂದು ನೋವು ಹೋಗಿ ಇನ್ನೊಂದು ಬರುವ ನಡುವೆ, "ಒಸಿ ಬಗ್ಗಿ" ಎಂದು ತನ್ನ ಸೆರಗಿನಿಂದ ನನ್ನ ಕಣ್ಣು ಒರೆಸಿದಳು. ಅಮ್ಮ, ಅಷ್ಟು ಮೆತ್ತಗೆ ನೀನು ಕೂಡ ಎಂದೂ ಒರೆಸಿರಲಿಲ್ಲ. ಅವಳು ಒರೆಸಿದ್ದರಿಂದಲೇ ಮಗುವಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿರುವುದು ನನಗೆ ಕಾಣಿಸಿತು. ಬೆರಳು ತೂರಿಸಿ ಬಿಡಿಸಿದೆ. ಹುಟ್ಟಿದ ಕೂಸು ನೀಲಿಗಟ್ಟಿ ಸುಮ್ಮನಿತ್ತು. ಬೆನ್ನು ತಿಕ್ಕಿದೆ, ಅಂಗಾಲು ತಟ್ಟಿದೆ. ಕೊನೆಗೊಮ್ಮೆ ಅಳು ಬಂತು ನೋಡು, ಇಡೀ ಬೀದಿಗೆ ಕೇಳುವಂಥ ಅಳು. ಹೆಣ್ಣು ಮಗು.

ಎಲ್ಲ ಮುಗಿಸಿ, ಹಿತ್ತಲಲ್ಲಿ ಮುಖ ತೊಳೆದು, ಕೂದಲು ಗಂಟು ಹಾಕಿ ಮುಂಬಾಗಿಲಿಗೆ ಬಂದೆ. ಅಂಕಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಈಗ ಬಂದ್ರಾ? ಆಸ್ಪತ್ರೆಯೋರು ಯಾವಾಗ್ಲೂ ಇಂಗೇಯ, ಎಲ್ಲಾ ಮುಗುದ್ಮೇಲೆ ಬತ್ತೀರಿ. ನಮ್ಮವ್ವನೇ ಬಂದು ಎರ್ಗೆ ಮಾಡ್ಸಿ ಓದ್ಲು. ನೀವಿನ್ನು ಓಗಿ" ಎಂದಳು. ಚಿಕ್ಕಬೋರಯ್ಯ ಬಾಯಿ ತೆರೆದ. ಒಳಗಿನಿಂದ ಬೆಟ್ಟಮ್ಮ ಕೆಮ್ಮಿದಳು. ಅವನು ಬಾಯಿ ಮುಚ್ಚಿದ.

ಅಷ್ಟರಲ್ಲಿ ಯಾರೋ ಸೈಕಲ್ಲಿಗೆ ಹೂವಿನ ಹಾರ ಹಾಕಿ, ಚಕ್ರಕ್ಕೆ ನಿಂಬೆಹಣ್ಣು ಕುಯ್ದಿದ್ದರು. ಅದನ್ನೇ ತುಳಿಯುತ್ತ, ಕೆಂಪು ಕಲೆಯ ಸೀರೆಯಲ್ಲಿ ಪೇಟೆಗೆ ಬಂದಾಗ, ಕೋರ್ಟಿನ ಕೆಲಸಕ್ಕೆ ಬಂದಿದ್ದ ಮಾವನೇ ಎದುರಾಗಬೇಕೆ! ಮಾತಾಡಿಸಲು ಇಳಿಯುವಷ್ಟರಲ್ಲಿ ಅವರು ಹೆದರಿ ಮಂಡ್ಯದ ಬಸ್ಸು ಹತ್ತಿಯಾಗಿತ್ತು.

ಈಗ ಹಣೆಗೆ ನಮ್ಮವರ ಹಳೆಯ ಪಂಚೆಯ ಪಟ್ಟಿ ಕಟ್ಟಿಕೊಳ್ಳುತ್ತೇನೆ, ಬೆವರನ್ನೆಲ್ಲ ಅದೇ ಹೀರುತ್ತದೆ. ಕುಂಕುಮ ಅದರ ಕೆಳಗೆ, ಕಡಲೆಕಾಳಿನಷ್ಟು. ಕೋಪಿಸಿಕೊಳ್ಳಬೇಡ.

ನಿನ್ನೆ ಅಂಕಮ್ಮ ತಾನಾಗಿಯೇ ಆಸ್ಪತ್ರೆಗೆ ಬಂದಿದ್ದಳು. ಮಗಳು ಮಾಯಮ್ಮ ಬಾಣಂತನಕ್ಕೆ ತವರಿಗೆ ಬಂದಿದ್ದಾಳಂತೆ. ಬಾಗಿಲಲ್ಲೇ ನಿಂತು ಹೇಳಿದಳು: "ಅವ್ವನ್ನ ಪದೇ ಪದೇ ಕರ್ದು ತೊಂದ್ರೆ ಕೊಡಕ್ಕಾದದಾ? ಈ ಸಲ ನೀವೇ ಬನ್ನಿ. ಒಸಿ ಬೇಗ್ನೆ ಬನ್ನಿ."

ಬರುತ್ತೇನೆಂದು ಮಾತು ಕೊಟ್ಟಿದ್ದೇನೆ, ಅಮ್ಮ. ಆದ್ದರಿಂದ ರಾಜೀನಾಮೆ ಸದ್ಯಕ್ಕಿಲ್ಲ. ದೂರದಿಂದಲೇ ನನ್ನ ತಲೆಯ ಮೇಲೆ ಕೈಯಿಟ್ಟು, ಮಾಯಮ್ಮನಿಗೂ ಸುಖಪ್ರಸವವಾಗಲೆಂದು ಹರಸು.

ನಿನ್ನ ಬೈಗುಳಕ್ಕೂ ಆಶೀರ್ವಾದಕ್ಕೂ ಒಟ್ಟಿಗೇ ಕಾದಿರುವ ಮಗಳು,
ಗೋದಾ