ಅಜ್ಜನ ಕತ್ತಿಯ ಹೊಸ ಅಂಟು

ಸೀತೂರು
11-2-2025

ನಮ್ಮ ಗಾನವಿಯ ಅಪ್ಪನಿಗೆ, ಮನೆಯಿಂದ ಪವಿತ್ರಾ ಬರೆಯುವುದು.

ಆರೋಗ್ಯ ಹೇಗಿದೆ? ಕೆಮ್ಮು ಕಡಿಮೆಯಾಯಿತೇ? ಹೋದ ಸಲ ಜೈಲಿಗೆ ಬಂದಾಗ ಕೊಟ್ಟ ಸ್ವೆಟರ್ ಹಾಕಿಕೊಳ್ಳುತ್ತಿದ್ದೀರೋ, ಪಕ್ಕದವನಿಗೆ ಚಳಿ ಎಂದು ದಾನ ಮಾಡಿದಿರೋ? ನಿಮ್ಮನ್ನು ನಂಬುವ ಹಾಗಿಲ್ಲ. ಇಲ್ಲಿ ನಾವು ಇದ್ದೇವೆ. ಗಾನವಿ ಶಾಲೆಗೆ ಹೋಗುತ್ತಿದ್ದಾಳೆ. ಅಲ್ಲಿ ಯಾರೋ ಏನೋ ಅಂದಿರಬೇಕು, ಒಂದೆರಡು ದಿನ ಊಟ ಬಿಟ್ಟಿದ್ದಳು, ಈಗ ಪರವಾಗಿಲ್ಲ. ಅತ್ತೆಯ ವಿಷಯದಲ್ಲಿ ಮಾತ್ರ ಸುಳ್ಳು ಬರೆಯಲಾರೆ. ಕಾಲಿನ ಬಾವು ಹೊಟ್ಟೆಗೂ ಏರಿದೆ. ಕೊಪ್ಪದ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದು, ಮಳೆಗಾಲ ಕಾಣುವುದು ಕಷ್ಟ, ಮಗ ದೂರದಲ್ಲಿದ್ದರೆ ಕರೆಸಿಕೊಳ್ಳಿ ಎಂದರು. ದೂರವೇನಲ್ಲ ಡಾಕ್ಟರೇ, ಆದರೆ ಬರಲಾಗುವುದಿಲ್ಲ ಎಂದು ಹೇಳಿ ಹೊರಗೆ ಬಂದೆ. ಅತ್ತೆ ದಿನಾ ಕೇಳುವುದು ಒಂದೇ ಮಾತು, "ಅವ ಯಾವಾಗ ಬರ್ತಾನಂತೆ?"

ಕೂತರೂ ನಿಂತರೂ ನನಗೆ ಆ ಕತ್ತಿಯದ್ದೇ ಯೋಚನೆ. ನಿಮ್ಮ ಅಜ್ಜ ಬೇಗಾರಿನಿಂದ ಬರುವಾಗ ತಂದ ಕತ್ತಿ, ಅದಕ್ಕೆ ಕಡವೆ ಕೊಂಬಿನ ಹಿಡಿ. ಅರಗಿಗೆ ಇಟ್ಟಿಗೆ ಪುಡಿ ಕಲಸಿ, ಕಾಯಿಸಿ, ಕೊಂಬಿನ ತೂತಿಗೆ ತುಂಬಿ ಅಜ್ಜನೇ ಕೂರಿಸಿದ್ದಂತೆ. ಅಡಿಕೆ ಬೇಯಿಸುವ ಒಲೆಯ ಹತ್ತಿರ ಇಟ್ಟು ಇಟ್ಟು ಅರಗು ಮೆತ್ತಗಾಗಿ ಹೋದ ವರ್ಷ ಹಿಡಿ ಅಲ್ಲಾಡತೊಡಗಿತು. ಸೊಪ್ಪು ಕಡಿಯುವಾಗ ಅಲಗು ಕಳಚಿ ನಿಮ್ಮ ಮೊಣಕಾಲ ಪಕ್ಕದಲ್ಲೇ ಹಾರಿತಲ್ಲ, ಆಮೇಲೆ ನಿಮಗೆ ಅಂಟಿನ ಹುಚ್ಚು ಹಿಡಿಯಿತು. ಮರಗೆಲಸದ ಬಿಳಿ ಗಮ್ಮು ನೀರಿಗೆ ಬಿಟ್ಟುಕೊಳ್ಳುತ್ತದೆ ಎಂದಿರಿ. ಕೈಗೆ ತಾಗಿದ ಕೂಡಲೇ ಹಿಡಿಯುವ ಪುಟ್ಟ ಟ್ಯೂಬಿನ ಅಂಟು ಏಟಿಗೆ ಸಿಡಿಯುತ್ತದೆ ಎಂದಿರಿ. ಕೊನೆಗೆ ಮನಸ್ಸಿಗೆ ಬಂದದ್ದು ಎರಡು ಟ್ಯೂಬ್ ಸೇರಿಸಿ ಕಲಸುವ ಅಂಟು. ಅದನ್ನೂ ಒಂದು ಮುರುಕು ಕತ್ತಿಗೆ ಹಚ್ಚಿ, ನನ್ನ ಬಟ್ಟೆ ಬಕೆಟ್ಟಿನಲ್ಲಿ ನೆನೆಹಾಕಿ, ಕಲ್ಲಿಗೆ ಬಡಿದು ನೋಡಿದಿರಿ. ನನ್ನನ್ನು ನೋಡಲು ಬಂದಾಗ ಇಷ್ಟು ಯೋಚಿಸಿರಲಿಲ್ಲ ನೀವು, ಕಾಫಿ ಲೋಟ ಕೆಳಗಿಡುವುದರೊಳಗೆ ಒಪ್ಪಿದ್ದಿರಿ. ಹೀಗೆಂದು ನಾನು ಕೆಣಕಿದರೆ ನೀವು ತಲೆಯೂ ಎತ್ತಲಿಲ್ಲ.

ಈಗ ಆ ಅಂಟೇ ಕುತ್ತಿಗೆಗೆ ಬಂತು. ಗುಡ್ಡದಾಚೆಯ ಕಾಡಿನಲ್ಲಿ ಕೊಂಬು ಕಡಿದ ಕಡವೆ ಸತ್ತುಬಿದ್ದಿತ್ತು. ಫಾರೆಸ್ಟಿನವರು ಮನೆಮನೆ ಹುಡುಕುತ್ತಾ ಬಂದರೆ ನಮ್ಮ ಗೋಡೆಯಲ್ಲಿ ಈ ಕತ್ತಿ. ಅಜ್ಜನ ಕಾಲದ್ದು ಎಂದು ನೀವು ಹೇಳಿದಿರಿ. ಸಾಹೇಬರು ಹಿಡಿಯ ಬುಡಕ್ಕೆ ಉಗುರು ಒತ್ತಿ, "ಅಂಟು ಹೊಸತು, ಕೊಂಬು ಮಾತ್ರ ಹಳೇದಾ ಮಾರಾಯ?" ಅಂದರಲ್ಲ, ನನಗೆ ಅವರ ಮೇಲೆ ಸಿಟ್ಟೂ ಬರುವುದಿಲ್ಲ. ನೋಡಿದವರಿಗೆ ಹಾಗೆಯೇ ಕಾಣುತ್ತದೆ. ಇರುವೆ ಸಾಲು ಕಂಡರೂ ದಾಟಿ ನಡೆಯುವವರು ನೀವು ಎಂದು ನನಗೆ ಗೊತ್ತು, ಕೋರ್ಟಿಗೆ ಗೊತ್ತೇ?

ನಿನ್ನೆ ನರಸಿಂಹರಾಜಪುರಕ್ಕೆ ಹೋಗಿ ನಮ್ಮ ಲಾಯರು ನಿಶ್ಚಿತಾ ಮೇಡಂ ಅವರನ್ನು ಕಂಡೆ. ಕಾಗದಪತ್ರವಿಲ್ಲದೆ ಕೊಂಬು ಇಟ್ಟುಕೊಂಡದ್ದೂ ತಪ್ಪೇ, ಅದು ಬೇರೆ ಮಾತು. ಕಡವೆಯನ್ನು ಕೊಂದ ಆರೋಪ ಇರುವವರೆಗೆ ಜಾಮೀನು ಸಿಗುವುದು ಕಷ್ಟ ಎಂದರು. ಕೊಂಬಿನ ಪರೀಕ್ಷೆಯ ವರದಿ ಯಾವ ಕಾಲಕ್ಕೆ ಬರುತ್ತದೋ ಯಾರಿಗೂ ತಿಳಿಯದು. ಆದರೆ ಅವರಿಗೆ ಒಂದು ಉಪಾಯ ಹೊಳೆದಿದೆ. ಕೋರ್ಟಿನ ಎದುರೇ ಹಿಡಿ ಬಿಚ್ಚಿಸಲು ಅರ್ಜಿ ಹಾಕುತ್ತಾರಂತೆ. ಹೊಸ ಅಂಟಿನ ಕೆಳಗೆ, ತೂತಿನ ತಳದಲ್ಲಿ, ಅಜ್ಜನ ಅರಗು ಚೂರು ಉಳಿದಿದ್ದರೂ ಸಾಕು, ಹಿಡಿ ಹಳೆಯದೇ ಎಂದು ತೋರಿಸಿ ಜಾಮೀನು ಕೇಳಬಹುದು. ಏನೂ ಸಿಗದಿದ್ದರೆ ಫಾರೆಸ್ಟಿನವರ ಮಾತೇ ನಿಜ ಎಂದಾಗುತ್ತದೆ, ಅದಕ್ಕೇ ಮೊದಲು ಗಂಡನನ್ನು ಕೇಳಿ ಎಂದರು. ಫೋನಿನಲ್ಲಿ ಸಿಗುವ ಹೊತ್ತು ನೀವು ಅಳುವುದಕ್ಕೇ ಸಾಲದು, ಹಾಗಾಗಿ ಬರೆಯುತ್ತಿದ್ದೇನೆ. ಸಮಾಧಾನವಾಗಿ ನೆನಪು ಮಾಡಿಕೊಳ್ಳಿ. ಹಳೆಯ ಅರಗು ಕೆರೆದು ತೆಗೆದಿರೋ, ಅದರ ಮೇಲೆಯೇ ಹೊಸದು ಸುರಿದಿರೋ? ಜೀವಮಾನದಲ್ಲಿ ಇದೊಂದು ಕೆಲಸವನ್ನಾದರೂ ನೀವು ಅರೆಬರೆ ಮಾಡಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ. ನಿಮ್ಮನ್ನು ಅತ್ತೆಯ ಎದುರು ಒಂದು ಹೊತ್ತು ಕೂರಿಸಿದರೆ ನನಗಷ್ಟೇ ಸಾಕು.

ಹೊಟ್ಟೆಗೆ ಸರಿಯಾಗಿ ತಿನ್ನಿ. ಯಾರ ಜೊತೆಗೂ ವಾದಕ್ಕೆ ಹೋಗಬೇಡಿ. ಗಾನವಿಯ ಮುತ್ತನ್ನೂ ಅತ್ತೆಯ ಆಶೀರ್ವಾದವನ್ನೂ ಇದರೊಳಗೇ ಮಡಿಸಿ ಇಟ್ಟಿದ್ದೇನೆ.

ನಿಮ್ಮ
ಪವಿತ್ರಾ

ತಾ.ಕ.: ಕವರಿಗೆ ಹಾಕುವಾಗ ಅತ್ತೆ, ಏನು ಬರೆದೆ ಎಂದು ಕೇಳಿದರು. ನೀವು ಕತ್ತಿಗೆ ಹಿಡಿ ಕೂರಿಸಿದ್ದು ಬರೆದೆ ಎಂದೆ, ಅಷ್ಟೇ. ಎಷ್ಟೋ ದಿನದ ಮೇಲೆ ಅವರ ಮುಖ ಅರಳಿತು. "ಹಳೇ ಅರಗಿನ ಮೇಲೆ ಹೊಸ ಅಂಟು ಕೂರೂದಿಲ್ಲ ಅಂತ ಕಂಬಿ ಕೆಂಪಗೆ ಕಾಯ್ಸಿ ಕಾಯ್ಸಿ ಕೆರೆದ. ಟಾರ್ಚ್ ಹಿಡ್ದವಳೇ ನಾನು. ಒಳಗೆ ಒಂಚೂರು ಬಿಡ್ಲಿಲ್ಲ ನೋಡು, ತೊಳ್ದಿಟ್ಟ ಹಂಗೆ ಮಾಡ್ದ. ನನ್ ಮಗ ಮಾಡಿದ್ ಕೆಲ್ಸ ಅಂದ್ರೆ ಹಂಗೆ" ಎಂದರು. ಹೌದತ್ತೆ ಎಂದೆ. ಅದರ ಅರ್ಥ ಅವರಿಗೆ ಗೊತ್ತಿಲ್ಲ, ನಾನೂ ಹೇಳಲಿಲ್ಲ. ಹಿಡಿ ಬಿಚ್ಚಿಸುವುದು ಬೇಡವೆಂದು ಮೇಡಂಗೆ ಫೋನ್ ಮಾಡುತ್ತೇನೆ. ಮೇಲೆ ಕೇಳಿದ್ದಕ್ಕೆ ನೀವು ಉತ್ತರ ಬರೆಯಬೇಕಾಗಿಲ್ಲ. ಅಮ್ಮನಿಗೆ ಹೇಳಬೇಕಾದದ್ದು ಏನೇನಿದೆಯೋ ಅದನ್ನು ಬರೆದು ಕಳಿಸಿ, ನಾನು ಓದಿ ಹೇಳುತ್ತೇನೆ. ತಡ ಮಾಡಬೇಡಿ.