ಮಗ್ಗಗಳ ಸದ್ದಿನೊಳಗೆ ಕೇಳಿಸಿದ್ದು

ಗುರುಗಳಿಗೆ ನಮಸ್ಕಾರ.

ಇಪ್ಪತ್ತು ಪಿಟೀಲುಗಳು ಒಟ್ಟಿಗೆ ನುಡಿಯುವಾಗ ಒಂದನ್ನೇ ಹಿಂಬಾಲಿಸಲು ನೀವು ಕಲಿಸಿದಿರಿ. ಆ ಅಭ್ಯಾಸ ಗಿರಣಿಯಲ್ಲೂ ಬಿಟ್ಟಿಲ್ಲ. ಮಗ್ಗಗಳ ಅಬ್ಬರದಲ್ಲಿ ಯಾರಿಗೂ ಏನೂ ಕೇಳಿಸದೆಂದು ನಂಬಿ, ಮೇಲಿನವರು ನಮ್ಮೆದುರೇ ಎಲ್ಲ ಮಾತಾಡುತ್ತಾರೆ.

ಇವತ್ತು ಮೆಕ್ಯಾನಿಕ್ ಹೇಳಿದ, "ಬಾಯ್ಲರ್ ಬಿರುಕು ಬಿಟ್ಟಿದೆ ಸಾರ್, ಇನ್ನು ತಡೆಯಲ್ಲ."

ಮ್ಯಾನೇಜರ್ ನಕ್ಕರು. "ನಾಳೆ ಒಂದಿನ ಓಡಿಸಪ್ಪ. ಇವರಿಗೆ ಹೇಳಿದ್ರೆ ಯಾರು ಬರ್ತಾರೆ?"

ಕೇಳಿಸಿದ್ದನ್ನು ನಾನು ಜೊತೆಯವರಿಗೆ ಹೇಳಿದೆ. ಯಾರೂ ನಂಬಲಿಲ್ಲ. ಮಗಳೂ, "ನಿಂಗೆ ಎಲ್ಲದ್ರಲ್ಲೂ ಅಪಸ್ವರಾನೇ ಕೇಳಿಸುತ್ತಮ್ಮ" ಎಂದಳು. ಅವಳ ಮಗ್ಗ ಬಾಯ್ಲರ್ ಕೋಣೆಯ ಗೋಡೆಗೇ ಅಂಟಿಕೊಂಡಿದೆ.

ಅವಳು ನಿಮ್ಮ ಮಾತು ಮೀರುವವಳಲ್ಲ. ನಾಳೆ ಬೆಳಿಗ್ಗೆಯೇ ಪಾಠಕ್ಕೆ ಕರೆಸಿಕೊಳ್ಳಿ, ಸಂಜೆಯವರೆಗೂ ಬಿಡಬೇಡಿ.

ನಾನು ಕೆಲಸಕ್ಕೆ ಹೋಗುತ್ತೇನೆ, ಬಾಯ್ಲರಿನ ಸದ್ದಿಗೆ ಕಿವಿಗೊಟ್ಟಿರುತ್ತೇನೆ. ನಮ್ಮ ಸಾಲಿನ ಉಳಿದ ಹನ್ನೊಂದು ಜನರಿಗೆ ಹಾಗೆ ಕರೆಸಿಕೊಳ್ಳುವ ಗುರುಗಳಿಲ್ಲ.

ನಿಮ್ಮ ಹಳೆಯ ಶಿಷ್ಯೆ