ಆಕ್ಷೇಪಣೆ ಇಲ್ಲ

ಹದಿನಾಲ್ಕನೇ ತಾರೀಕು, ಮಂಗಳವಾರ ಮಧ್ಯಾಹ್ನ

ಅಕ್ಕಾ,

ಕ್ಷೇಮ ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ಹೇಗಿದ್ದೀಯ? ಹನ್ನೊಂದು ದಿನದಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ಮನೆಗೆ ಬಂದರೆ, ಭಾವ ಮಲಗಿದ್ದಾರೆ ಎಂದು ಬಾಗಿಲ ಆಚೆಯಿಂದಲೇ ಸಾಗಹಾಕುತ್ತೀಯ. ಭಾವ ಹಗಲು ಹೊತ್ತು ಮಲಗುವ ಆಸಾಮಿಯಲ್ಲ ಎಂದು ನನಗೂ ಗೊತ್ತು. ಅದಕ್ಕೇ ಈ ಕಾಗದ. ಹರಿದು ಹಾಕುವ ಮುಂಚೆ ಒಂದು ಸಲ ಓದು. ಆಮೇಲೆ ಎಷ್ಟು ಬೇಕಾದರೂ ಬೈ.

ಕಾರ್ಖಾನೆಯಲ್ಲಿ ಏನಾಯಿತೆಂದು ಭಾವ ನಿನಗೆ ನೆಟ್ಟಗೆ ಹೇಳಿರಲಾರರು. ಅವರದು ಯಾವಾಗಲೂ ಅರ್ಧ ಮಾತು, ಇನ್ನರ್ಧ ಕೆಮ್ಮು. ನಾವು ಆಸ್ಪತ್ರೆ ಮಂಚ ಮಾಡುತ್ತೇವೆ, ಹೊರದೇಶದ ಕಂಪನಿಯವರು ನಕ್ಷೆ ಕಳಿಸಿ ಮಾಲು ಕೊಳ್ಳುತ್ತಾರೆ, ಎರಡೂ ಕಡೆಯ ಮಾತು ದಾಟಿಸುವುದು ನನ್ನ ಕೆಲಸ, ಇಷ್ಟು ನಿನಗೆ ಗೊತ್ತೇ ಇದೆ. ಪ್ರತಿ ಬುಧವಾರ ಅವರ ಎಂಜಿನಿಯರ್ ಪರದೆಯ ಮೇಲೆ ಬರುತ್ತಾನೆ. ನಾವು ಅವನಿಗೆ ಇಟ್ಟ ಹೆಸರು ಗಡಿಯಾರ. ಹತ್ತು ಗಂಟೆ ಅಂದರೆ ಹತ್ತೇ. ಒಂದು ನಿಮಿಷ ತಡವಾದರೂ ಮನೆಯಲ್ಲಿ ಎಲ್ಲರೂ ಹುಷಾರಾಗಿದ್ದಾರೆಯೇ ಎಂದು ವಿಚಾರಿಸುತ್ತಾನೆ, ತಮಾಷೆಗಲ್ಲ, ನಿಜವಾಗಿಯೂ.

ಸಭೆಯ ಕೊನೆಯಲ್ಲಿ ಅವನು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೇಳುತ್ತಾನೆ, ಆಕ್ಷೇಪಣೆ ಇದೆಯೇ ಎಂದು. ಅವರ ಕಡೆ ನಿನ್ನೆ ಮೊನ್ನೆ ಸೇರಿದ ಹುಡುಗಿಯೂ ನಿಮ್ಮ ಲೆಕ್ಕ ತಪ್ಪು ಎಂದು ಅವನ ಮುಖಕ್ಕೇ ಹೇಳುತ್ತಾಳೆ. ಅವನು ಥ್ಯಾಂಕ್ಸ್ ಹೇಳಿ ಬರೆದುಕೊಳ್ಳುತ್ತಾನೆ! ನಮ್ಮಲ್ಲಿ ಯಜಮಾನರು ಕೂತಿರುವಾಗ ಯಾರಿಗಿದೆ ಆ ಎದೆ? ನಮ್ಮ ತಕರಾರುಗಳಿಗೆ ಸಭೆ ಮುಗಿದು ಕೈಗೆ ಟೀ ಲೋಟ ಬಂದ ಮೇಲೆಯೇ ಜೀವ. ‘ಅದೊಂದು ಸ್ವಲ್ಪ ನೋಡ್ಬೇಕಿತ್ತು ಸಾರ್’ ಎಂದು ಯಾರಾದರೂ ತಲೆ ಕೆರೆದುಕೊಂಡರೆ ಎಲ್ಲೋ ಬೆಂಕಿ ಬಿದ್ದಿದೆ ಎಂದು ಅರ್ಥ. ಯಜಮಾನರಿಗೂ ಅದು ತಿಳಿಯುತ್ತದೆ.

ಕೆಲವು ತಿಂಗಳ ಹಿಂದೆ ಒಂದು ಬುಧವಾರ ಮಂಚದ ಪಕ್ಕದ ಕಂಬಿಯ ಚಿಲಕದ ವಿಷಯ ಬಂತು. ಆ ವಿಭಾಗದ ಮೇಸ್ತ್ರಿ ಭಾವನಾದ್ದರಿಂದ ಗಡಿಯಾರ ಅವರನ್ನೇ ಕೇಳಿದ. ಭಾವ ಯಜಮಾನರತ್ತ ನೋಡಿ ಸಣ್ಣಗೆ ನಕ್ಕು ಸುಮ್ಮನಾದರು. ಉಳಿದವರೂ ತುಟಿ ಎರಡು ಮಾಡಲಿಲ್ಲ. ಯಾರೂ ಬಾಯಿ ಬಿಡಲಿಲ್ಲ ಅಕ್ಕಾ. ಹೇಳಿದ್ದರೆ ತಾನೇ ನಾನು ದಾಟಿಸುವುದು? ಅವನು ಭಾವನ ಹೆಸರಿನ ಮುಂದೆ ‘ಆಕ್ಷೇಪಣೆ ಇಲ್ಲ’ ಎಂದು ಬರೆದುಕೊಂಡ. ನಾನೂರು ಮಂಚ ಹಡಗು ಹತ್ತಿದವು.

ಹೋದ ತಿಂಗಳು ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಚಿಲಕ ಜಾರಿ ಕಂಬಿ ಬಿತ್ತು. ಅದನ್ನು ಹಿಡಿದು ಮಗ್ಗುಲಾಗುತ್ತಿದ್ದ ಅಜ್ಜಿಯೊಬ್ಬರು ಕೆಳಗೆ ಬಿದ್ದು ಸೊಂಟ ಮುರಿದುಕೊಂಡರು. ಅವರ ಫೋಟೋ ಯಾರೂ ಕಳಿಸಿಲ್ಲ. ಆದರೂ ನನಗೆ ದಿನಾ ಕಾಣಿಸುತ್ತಾರೆ, ಒಮ್ಮೊಮ್ಮೆ ನಮ್ಮ ಅಮ್ಮನ ಮುಖದಲ್ಲಿ.

ಗಡಿಯಾರ ಕಳಿಸಿದ ವರದಿಯಲ್ಲಿ ಪ್ರತಿ ತೀರ್ಮಾನದ ಪಕ್ಕ ಒಂದೊಂದು ಹೆಸರಿತ್ತು. ಯಾರನ್ನು ಕೇಳಿದರೆ ವಿಷಯ ತಿಳಿದೀತು ಎನ್ನುವುದಕ್ಕೆ ಅವರು ಹಾಗೆ ಬರೆಯುತ್ತಾರೆ. ನಮ್ಮ ಯಜಮಾನರ ಕಣ್ಣಿಗೆ ಕಂಡದ್ದೇ ಬೇರೆ. ವರದಿಯಲ್ಲಿ ಹೆಸರು ಬಂದವನೇ ಕಳ್ಳ. ಅರ್ಧ ಗಂಟೆಯೊಳಗೆ ಭಾವನ ಕಪಾಟು ಖಾಲಿ ಮಾಡಿಸಿದರು. ಇಪ್ಪತ್ತೆರಡು ವರ್ಷ ದುಡಿದ ಮನುಷ್ಯ, ಗೇಟಿನಲ್ಲಿ ಚೀಲ ಬಿಚ್ಚಿ ತೋರಿಸಿ ಹೋದರು. ನಾನು ಮೇಲಿನ ಕಿಟಕಿಯಿಂದ ನೋಡುತ್ತಿದ್ದೆ. ಇಳಿದು ಬರಲಿಲ್ಲ. ಈ ಕೆಲಸಕ್ಕೆ ನನ್ನನ್ನು ಸೇರಿಸಿದ್ದೇ ಅವರು, ಆದರೂ ಇಳಿದು ಬರಲಿಲ್ಲ.

ಮುಂದಿನ ಬುಧವಾರ ಗಡಿಯಾರ ಭಾವನನ್ನೇ ಹುಡುಕಿದ. ತೆಗೆದುಹಾಕಿದೆವು ಎಂದು ತಿಳಿದಾಗ ಅವನು ಪೆನ್ನು ಕೆಳಗಿಟ್ಟ. ಚಿಲಕದ ಬಗ್ಗೆ ಗೊತ್ತಿರುವ ಒಬ್ಬನೇ ಒಬ್ಬನನ್ನು ಯಾಕೆ ಕಳಿಸಿದಿರಿ ಎಂದು ಕೇಳಿದ. ಯಜಮಾನರು ಅದು ಶಿಸ್ತು ಎಂದರು. ನಾನು ಅದಕ್ಕೆ ಇನ್ನಷ್ಟು ನಯ ಹಚ್ಚಿ ದಾಟಿಸಿದೆ.

ಈ ಶುಕ್ರವಾರ ಹತ್ತು ಗಂಟೆಗೆ ವಿಚಾರಣೆ. ಗಡಿಯಾರ ಖುದ್ದಾಗಿ ಬರುತ್ತಿದ್ದಾನೆ. ಅಷ್ಟರೊಳಗೆ ಭಾವನಿಂದ ಒಂದು ಹೇಳಿಕೆಗೆ ಸಹಿ ಹಾಕಿಸಿಕೊಳ್ಳಲು ಯಜಮಾನರು ಓಡಾಡುತ್ತಿದ್ದಾರೆ. ದೋಷ ಗೊತ್ತಿದ್ದೂ ಯಾರಿಗೂ ತಿಳಿಸದೆ ಮುಚ್ಚಿಟ್ಟೆ ಎಂದು ಅದರಲ್ಲಿದೆ. ಅದಕ್ಕೆ ಸಹಿ ಬಿದ್ದರೆ ಭಾವನನ್ನು ಮತ್ತೆ ಯಾವ ಕಾರ್ಖಾನೆಯವರೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ದಯವಿಟ್ಟು ಸಹಿ ಹಾಕಲು ಬಿಡಬೇಡ. ತಪ್ಪು ಭಾವನದಲ್ಲ, ಗಡಿಯಾರನದೂ ಅಲ್ಲ. ಅವರ ರೀತಿ ಒಂದು, ನಮ್ಮ ರೀತಿ ಇನ್ನೊಂದು. ಇದರಲ್ಲಿ ಯಾರನ್ನು ದೂರುವುದು ಹೇಳು.

ನೀನು ಮಾತು ಬಿಟ್ಟರೆ ನನಗೆ ಬೇರೆ ಯಾರಿದ್ದಾರೆ ಅಕ್ಕಾ? ಕೋಪ ತೀರಿದ ದಿನ ಒಂದು ಫೋನ್ ಮಾಡು. ಏನೂ ಮಾತಾಡದಿದ್ದರೂ ಸರಿ.

ಇಂತಿ ನಿನ್ನ,
ಚೂಟಿ

ತಾ.ಕ.: ಲಕೋಟೆ ಅಂಟಿಸಿ ನಿಮ್ಮ ಬೀದಿಯ ತಿರುವಿನವರೆಗೂ ಬಂದು ವಾಪಸ್ ಹೋದೆ. ಈಗ ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ಯಾರೂ ಬಾಯಿ ಬಿಡಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಸಭೆಯ ಹಿಂದಿನ ದಿನ ಭಾವ ಒಂದು ಚಿಲಕವನ್ನು ಕರವಸ್ತ್ರದಲ್ಲಿ ಸುತ್ತಿ ನನ್ನ ಮೇಜಿಗೆ ತಂದಿದ್ದರು. ಹತ್ತು ಸಲ ಎಳೆದು ತೋರಿಸಿದರು, ಮೂರು ಸಲ ಜಾರಿತು. ‘ಸಭೇಲಿ ನಾನು ಹೇಳಿದ್ರೆ ಯಜಮಾನರಿಗೆ ಅವಮಾನ ಆಗುತ್ತೆ, ನೀನೇ ಗಡಿಯಾರನಿಗೆ ನಯವಾಗಿ ಬರೆದುಬಿಡಮ್ಮ’ ಎಂದರು. ಬರೆಯುತ್ತೇನೆ ಎಂದೆ. ಬರೆಯಲಿಲ್ಲ. ಅದೇ ವಾರ ಹೊರದೇಶದ ಕಚೇರಿಗೆ ಹೋಗುವವರ ಪಟ್ಟಿ ತಯಾರಾಗುತ್ತಿತ್ತು, ತಕರಾರು ತಂದವಳೆಂದು ನನ್ನ ಹೆಸರು ಬಿಟ್ಟುಹೋದೀತೆಂದು ಹೆದರಿದೆ. ತಕರಾರು ತರುವವರನ್ನೇ ಆ ಕಂಪನಿಯವರು ಮೊದಲು ಆರಿಸುತ್ತಾರೆಂದು ಗೊತ್ತಾದದ್ದು ಮೊನ್ನೆ. ಭಾವ ಇದನ್ನು ನಿನಗೂ ಹೇಳಿಲ್ಲ, ಅಲ್ಲವೇ? ನಿನ್ನ ತಂಗಿ ಎಂದು ನನ್ನ ಹೆಸರೆತ್ತದೆ ಕೂತಿದ್ದಾರೆ. ಶುಕ್ರವಾರ ನಾನೇ ಎದ್ದು ಹೇಳಬೇಕೆಂದಿದ್ದೇನೆ. ಯಜಮಾನರು ನನ್ನತ್ತ ನೋಡಿದಾಗ ನಾಲಿಗೆ ಏಳದೆ ಹೋದರೆ, ಭಾವ ಈ ಕಾಗದವನ್ನೇ ಗಡಿಯಾರನ ಮುಂದಿಡಲಿ. ಅವನು ನನ್ನನ್ನು ಬಿಟ್ಟು ಬೇರೆ ಯಾರಿಂದಲಾದರೂ ಓದಿಸಿಕೊಳ್ಳಲಿ. ಚೂಟಿ ಎಂದಷ್ಟೇ ಇದ್ದರೆ ಅವರಿಗೆ ಸಾಲದು. ಅದಕ್ಕೇ ಹಿಂಬದಿಯಲ್ಲಿ ನನ್ನ ಆಫೀಸಿನ ಸಹಿಯನ್ನೂ ಹಾಕಿದ್ದೇನೆ.